ದುರ್ಗಿಗುಡಿಯ ಸೈಬರ್ ಕ್ಲಾಸಿಗೆ ಹೋಗಿ ಬಂದೆ

ಹೋದ ಬೇಸಗೆಯಲ್ಲಿ ಹಳೇ ಪಂಪ್‌ಸೆಟ್ ಮಾರೋಣ ಅಂತ ಫೋಟೋ ಹಾಕಿದ್ದೆ. ಮಿಲಿಟರಿಯವನು ಅಂತ ಹೇಳಿಕೊಂಡ ಒಬ್ಬ ಚೌಕಾಸಿಯನ್ನೇ ಮಾಡದೆ ಒಪ್ಪಿದ. ಆಗಲೇ ಅನುಮಾನ ಬರಬೇಕಿತ್ತು. ದುಡ್ಡು ಹಾಕ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ಒತ್ತಿದೆ. 9,500 ರೂಪಾಯಿ ಬರೋ ಬದಲು ಹೋಯಿತು. ದುಡ್ಡು ಬರೋದಕ್ಕೆ ಯುಪಿಐ ಪಿನ್ ಬೇಕೇ ಇಲ್ಲ, ಕೊಡೋದಕ್ಕೆ ಮಾತ್ರ ಬೇಕು ಅನ್ನೋದು ಆಮೇಲೆ ಗೊತ್ತಾದ ವಿಚಾರ.

ಮಗಳ ಕಾಟ ತಡೆಯಲಾರದೆ ಶಿವಮೊಗ್ಗ ದುರ್ಗಿಗುಡಿಯ ಒಂದು ಕಂಪ್ಯೂಟರ್ ಸೆಂಟರಿನ ಸೈಬರ್ ಸುರಕ್ಷತೆ ತರಗತಿಗೆ ಸೇರಿದೆ. ಎರಡು ಭಾನುವಾರ, 300 ರೂಪಾಯಿ, ಮಧ್ಯೆ ಚಹಾ, ಮಂಡಕ್ಕಿ. ತೀರ್ಥಹಳ್ಳಿ ಆಚೆಯಿಂದ ಬರುವ ನನಗೆ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ. ನಮ್ಮ ಕಡೆ ಓಡೋದು ಖಾಸಗಿ ಬಸ್ಸು, ಶಕ್ತಿ ಯೋಜನೆ ನಮ್ಮ ಲೆಕ್ಕಕ್ಕಿಲ್ಲ.

ಮೊದಲನೇ ಭಾನುವಾರ ದಂಡ. ಪರದೆ ತುಂಬ ಇಂಗ್ಲಿಷು, ರ‍್ಯಾನ್ಸಮ್‌ವೇರು, ಫೈರ್‌ವಾಲು. ಅಡಿಕೆ ಸುಲಿಯೋ ಕೈಗೆ ಇದೆಲ್ಲ ಯಾಕೆ? ಗುರುತಿಲ್ಲದವರ ಲಿಂಕ್ ಒತ್ತಬೇಡಿ ಅಂತ ಹತ್ತು ಸಲ ಹೇಳಿದರು. ಆದರೆ ನಮ್ಮ ಮನೆಯವರ ಗ್ರೂಪಿಗೆ ‘ಮದುವೆ ಆಮಂತ್ರಣ’ ಅನ್ನೋ ಕಳ್ಳ ಫೈಲ್ ಬಂದದ್ದು ಸ್ವಂತ ನಾದಿನಿಯ ನಂಬರಿನಿಂದ. ಅವಳ ಫೋನು ಅಷ್ಟೊತ್ತಿಗಾಗಲೇ ಕಳ್ಳರ ಪಾಲಾಗಿತ್ತು.

ಎರಡನೇ ಭಾನುವಾರ ಬೇರೆ ಹುಡುಗಿ ಬಂದಳು, ಪರದೆಯನ್ನೇ ಹಾಕಲಿಲ್ಲ. ಅಂಥದ್ದೇ ಒಂದು ಫೈಲಿನ ಫೋಟೋ ಕೈಯಿಂದ ಕೈಗೆ ದಾಟಿಸಿ, ಹೆಸರಿನ ಬಾಲ ನೋಡಿ ಅಂದಳು. ಕೊನೆಯಲ್ಲಿ ಎಪಿಕೆ ಅಂತಿದ್ದರೆ ಅದು ಕರೆಯೋಲೆಯಲ್ಲ, ಆ್ಯಪ್. ಒಳಗೆ ಸೇರಿ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ, ಕೊಟ್ಟರೆ ನಿಮ್ಮ ಒಟಿಪಿ ಅವರಿಗೆ.

ಆಮೇಲೆ ಹೊರಗೆ ಹೋಗಿ, ನಿವೃತ್ತ ಹೆಡ್‌ಮಾಸ್ಟರೊಬ್ಬರಿಗೆ ಫೋನು ಮಾಡಿಸಿದಳು. ದಪ್ಪ ಗಂಟಲಿನ ಗಂಡಸು: ‘ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ಫೋನ್ ಇಡಬೇಡಿ.’ ಇದು ನಾಟಕ ಅಂತ ಮೊದಲೇ ಹೇಳಿದ್ದರು. ಆದರೂ ಮೇಷ್ಟ್ರು ‘ಸಾರ್, ಸಾರ್’ ಅಂತ ಎದ್ದು ನಿಂತುಬಿಟ್ಟರು. ಕೈ ನಡುಗುತ್ತಿತ್ತು. ನಮಗ್ಯಾರಿಗೂ ನಗು ಬರಲಿಲ್ಲ. ಹೀಗೆ ಪೊಲೀಸರ ಸೋಗಿನಲ್ಲಿ ಫೋನಿನಲ್ಲೇ ಹಿಡಿದಿಟ್ಟು ಹೆದರಿಸೋದಕ್ಕೆ ಡಿಜಿಟಲ್ ಅರೆಸ್ಟ್ ಅಂತಾರೆ, ಅಂಥದ್ದು ಯಾವ ಕಾನೂನಿನಲ್ಲೂ ಇಲ್ಲ ಅಂತ ಆಕೆ ಆಮೇಲೆ ಹೇಳಿದ್ದು ಎಲ್ಲರ ತಲೆಗೂ ಹೊಕ್ಕಿತು.

ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ, ಕಳ್ಳ ಅದನ್ನು ಬೇರೆ ಖಾತೆಗೆ ದಾಟಿಸೋದರೊಳಗೆ ತಡೆಹಿಡಿಯಬಹುದು ಅಂದಳು. ಸರಿ ಮಾರಾಯ್ತಿ, ನಮ್ಮನೇಲಿ ವೈಫೈ ಇದೆ, ಸಿಗ್ನಲ್ ಇಲ್ಲ, ಫೋನು ಮಾಡಬೇಕಾದರೆ ಗುಡ್ಡ ಹತ್ತಬೇಕು ಅಂದೆ. ಅವಳ ಹತ್ತಿರ ಉತ್ತರ ಇರಲಿಲ್ಲ. ಹಿಂದೆ ಕೂತಿದ್ದ ಹೊಸನಗರದ ಹುಡುಗ ನನ್ನ ಫೋನು ಇಸಕೊಂಡು ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್, ಅಂದರೆ ಸಿಗ್ನಲ್ ಬದಲು ವೈಫೈಯಲ್ಲೇ ಫೋನು ಮಾಡೋ ಸೌಲಭ್ಯ, ಆನ್ ಮಾಡಿಕೊಟ್ಟ. ಈಗ ಅಡುಗೆಮನೆಯಲ್ಲೇ ಕಾಲು ಬರುತ್ತದೆ, ಒಟಿಪಿಯೂ ಬರುತ್ತದೆ. ಮಲೆನಾಡಿನವರಿಗೆ ಕಲಿಸುವವರು ಮೊದಲು ಹೇಳಬೇಕಾದ್ದು ಇದು.

ಮುಂದಿನ ಸಲಕ್ಕೆ ಯಜಮಾನರ ಹೆಸರು ಬರೆಸಿದ್ದೇನೆ. ಎರಡನೇ ಭಾನುವಾರಕ್ಕೆ ಮಾತ್ರ ಕಳಿಸುತ್ತೇನೆ.