ಕ್ಯಾಮೆರಾ ಮೈಕಿಗೆ ಯಾವ ಕೇಬಲ್? ಅಚ್ಚಿನ ಪ್ಲಗ್, ಬಿಚ್ಚುವ ಪ್ಲಗ್, ಸ್ಟಾರ್ ಕ್ವಾಡ್

ಅಗ್ಗದ ಮೈಕ್ ಕೇಬಲ್‌ನಲ್ಲಿ ನಡುವಿನ ವೈರ್ ಕೈಕೊಡುವುದು ಅಪರೂಪ. ಮೊದಲು ಹೋಗುವುದು ಪ್ಲಗ್ಗಿನ ಕತ್ತು. ಹಾಗಾಗಿ ಆರಿಸುವಾಗ ತುದಿಗಳನ್ನೇ ಮೊದಲು ನೋಡಿ. ಚಿನ್ನದ ಲೇಪನಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ.

ಪ್ಲಾಸ್ಟಿಕ್ ಅಚ್ಚು ಹಾಕಿ ಮುಚ್ಚಿದ ಪ್ಲಗ್ಗಿನ ಕೇಬಲ್ ಒಂದೇ ಕಡೆ ಕೂತಿರುವ ಕೆಲಸಕ್ಕೆ ಸಾಕು. ದಿನಾ ಸುತ್ತಿ ಬಿಚ್ಚುವ ಕೆಲಸಕ್ಕೆ ಬೇಡ. ಒಳಗೆ ಬೆಸುಗೆ ಬಿಟ್ಟರೆ ತೆರೆಯಲು ದಾರಿಯಿಲ್ಲ, ಕತ್ತರಿಸಿ ಹೊಸ ಪ್ಲಗ್ಗನ್ನೇ ಹಾಕಬೇಕು.

ಬಿಚ್ಚುವ ಪ್ಲಗ್ಗುಗಳಲ್ಲಿ ನ್ಯೂಟ್ರಿಕ್‌ನ ಎನ್‌ಸಿ3ಎಫ್‌ಎಕ್ಸ್‌ಎಕ್ಸ್ ಮತ್ತು ಎನ್‌ಸಿ3ಎಂಎಕ್ಸ್‌ಎಕ್ಸ್ ಜೋಡಿಗೇ ನನ್ನ ಮತ; ಇವು ಎಕ್ಸ್‌ಎಲ್‌ಆರ್, ಅಂದರೆ ಮೂರು ಪಿನ್ನಿನ ದುಂಡನೆಯ ಮೈಕ್ ಪ್ಲಗ್ಗುಗಳು. ಹಿಂದಿನ ಬೂಟನ್ನು (ಕೇಬಲ್ ಒಳಹೋಗುವ ಕಡೆಯ ಮುಚ್ಚಳ) ತಿರುಗಿಸಿ ಬಿಗಿ ಮಾಡಿದರೆ ಒಳಗಿನ ಹಿಡಿಕೆ ಕೇಬಲ್‌ನ ಹೊರಸಿಪ್ಪೆಯನ್ನು ಕಚ್ಚಿಕೊಳ್ಳುತ್ತದೆ. ಎಳೆತ ಬೆಸುಗೆಯ ಮೇಲೆ ಬೀಳುವುದಿಲ್ಲ. ಸ್ಕ್ರೂ ಇಲ್ಲದ್ದರಿಂದ ಶೂಟಿಂಗ್ ಜಾಗದಲ್ಲೇ ಬಿಚ್ಚಿ ನೋಡಬಹುದು. ಅದೇ ಕಂಪನಿಯ ರೀನ್ ಪ್ಲಗ್ಗುಗಳು ಇನ್ನೂ ಅಗ್ಗ, ಹೆಚ್ಚು ಅಲುಗಾಡದ ಕೇಬಲ್‌ಗೆ ಧಾರಾಳವಾಗಿ ಸಾಕು.

ವೈರ್ ವಿಷಯಕ್ಕೆ ಬಂದರೆ, ಹೆಣೆದ ತಾಮ್ರದ ಜಾಲರಿಯ ಶೀಲ್ಡ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಹೊದಿಕೆ) ಇರುವ ಎರಡೆಳೆ ಕೇಬಲ್ ಬಹುಪಾಲು ಕೆಲಸ ಮುಗಿಸುತ್ತದೆ. ಬರೀ ಫಾಯಿಲ್ ಸುತ್ತಿದ ಶೀಲ್ಡ್ ಪದೇಪದೇ ಬಾಗಿದರೆ ಬಿರಿಯುತ್ತದೆ. ಡಿಮ್ಮರ್, ಟ್ರಾನ್ಸ್‌ಫಾರ್ಮರ್ ಅಥವಾ ಕರೆಂಟ್ ಲೈನಿನ ಪಕ್ಕದಲ್ಲೇ ಕೇಬಲ್ ಎಳೆಯಬೇಕಾದರೆ ಮಾತ್ರ ಕನಾರೆ ಎಲ್-4ಇ6ಎಸ್‌ನಂಥ ಸ್ಟಾರ್ ಕ್ವಾಡ್ (ನಾಲ್ಕೆಳೆ ಹೊಸೆದ ಕೇಬಲ್) ತನ್ನ ಬೆಲೆ ತೋರಿಸುತ್ತದೆ: ಗುಂಯ್‌ಗುಡುವ ಸದ್ದು ಸ್ಪಷ್ಟವಾಗಿ ತಗ್ಗುತ್ತದೆ. ಅದರ ನಾಲ್ಕೆಳೆಗಳಲ್ಲಿ ಎದುರುಬದುರಿನ, ಅಂದರೆ ಒಂದೇ ಬಣ್ಣದ ಎಳೆಗಳನ್ನು ಜೋಡಿ ಮಾಡಬೇಕು. ಪಕ್ಕಪಕ್ಕದವನ್ನು ಸೇರಿಸಿದರೆ ಆ ಲಾಭವೇ ಹೋಯಿತು.

ಹೆಚ್ಚು ಮೋಸವಾಗುವುದು ಎಕ್ಸ್‌ಎಲ್‌ಆರ್‌ನಿಂದ 3.5 ಮಿಮೀ ಪ್ಲಗ್ಗಿಗೆ ಇಳಿಯುವ ಕೇಬಲ್‌ನಲ್ಲಿ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಒಳಗಿನ ಜೋಡಣೆ ಬೇರೆ ಬೇರೆ. ಸ್ಟೀರಿಯೊ ಮೈಕ್ ಇನ್‌ಪುಟ್ ಇರುವ ಕ್ಯಾಮೆರಾಗೆ ಬೇಕಾದ್ದು ಇದು: ಪಿನ್ 2 ಪ್ಲಗ್ಗಿನ ತುದಿಗೂ ನಡುಬಳೆಗೂ, ಪಿನ್ 1 ಮತ್ತು 3 ಬುಡಕ್ಕೆ. ತುದಿಗೆ 2, ನಡುಬಳೆಗೆ 3 ಎಂದು ಬೆಸೆದ ಕೇಬಲ್ ಸಿಕ್ಕರೆ ಎಡಬಲ ಚಾನೆಲ್‌ಗಳು ಒಂದಕ್ಕೊಂದು ವಿರುದ್ಧ ಫೇಸ್‌ನಲ್ಲಿ ಬರಬಹುದು, ಅಂದರೆ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ. ಹೆಡ್‌ಫೋನ್‌ನಲ್ಲಿ ಮಾತು ಟೊಳ್ಳಾಗಿ ಕೇಳಿಸುತ್ತದೆ, ಒಂದೇ ಸ್ಪೀಕರಿನ ಫೋನ್‌ನಲ್ಲಂತೂ ಬಹುತೇಕ ಮಾಯವಾಗುತ್ತದೆ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಪಿನ್ 2ರಿಂದ ತುದಿ, ನಡುಬಳೆ ಎರಡನ್ನೂ ಮುಟ್ಟಿ ನೋಡಿ. ಎರಡೂ ಕಡೆ ಬೀಪ್ ಬರಬೇಕು, ಬುಡ ಮುಟ್ಟಿದಾಗ ಬರಬಾರದು. ಪ್ಲಗ್ಗಿನ ಮೇಲಿನ ಕಪ್ಪು ಗೆರೆಗಳನ್ನೂ ಎಣಿಸಿ: ಕ್ಯಾಮೆರಾಗೆ ಎರಡು, ಮೂರಿದ್ದರೆ ಅದು ಫೋನಿನದು. ಈ ಕೇಬಲ್ 48 ವೋಲ್ಟ್ ಫ್ಯಾಂಟಮ್ (ಕೇಬಲ್ ಮೂಲಕವೇ ಮೈಕಿಗೆ ಹೋಗುವ ಕರೆಂಟ್) ಕೊಡುವುದಿಲ್ಲ, ಅದನ್ನೇ ನಂಬಿದ ಕಂಡೆನ್ಸರ್ ಮೈಕ್ ಇದರಲ್ಲಿ ಕೆಲಸ ಮಾಡದು.

ಉದ್ದದ ಓಟವನ್ನೆಲ್ಲ ಎಕ್ಸ್‌ಎಲ್‌ಆರ್‌ನಲ್ಲೇ ಮುಗಿಸಿ, 3.5 ಮಿಮೀ ತುಂಡನ್ನು ಅರ್ಧ ಮೀಟರಿಗಿಂತ ಚಿಕ್ಕದಾಗಿಡಿ. ಅದನ್ನು ಟ್ರೈಪಾಡಿಗೆ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ, ಪ್ಲಗ್ಗಿನ ಹತ್ತಿರ ಒಂದು ಸಡಿಲ ಸುರುಳಿ ಬಿಡಿ. ಯಾರಾದರೂ ಎಡವಿದರೆ ಎಳೆತ ಪಟ್ಟಿಗೆ ಬೀಳುತ್ತದೆ, ಕ್ಯಾಮೆರಾದ ಸಾಕೆಟ್ಟಿಗಲ್ಲ.