ಕಾನಾನ್ ಸ್ತ್ರೀಯ ಕಥೆಯಲ್ಲಿ ಒರೆಗೆ ಹಚ್ಚಿದ ಒಂದು ಆಡಿಯೊ ಬೈಬಲ್ ಆ್ಯಪ್

ಮೂರು ತಿಂಗಳಿಂದ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕನ್ನಡದ ಒಂದು ಆಡಿಯೊ ಬೈಬಲ್ ಆ್ಯಪನ್ನು ದಿನವೂ ಕೇಳುತ್ತಿದ್ದೇನೆ. ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಸಿಗದ ಕಡೆಯೂ ನಡೆಯುತ್ತದೆ, ಜಾಹೀರಾತಿನ ಕಾಟವಿಲ್ಲ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಇವುಗಳ ಬಗ್ಗೆ ನನ್ನ ದೂರೇನೂ ಇಲ್ಲ. ಆದರೆ ಸಾಂತ್ವನದ ಭಾಗಗಳನ್ನು ಯಾರು ಓದಿದರೂ ಹಿತವಾಗಿಯೇ ಇರುತ್ತದೆ. ಇಂಥ ಆ್ಯಪಿನ ನಿಜವಾದ ಪರೀಕ್ಷೆ ಹೊಸ ಒಡಂಬಡಿಕೆಯ ಮತ್ತಾಯನ ಸುವಾರ್ತೆಯಲ್ಲಿ, 15ನೆಯ ಅಧ್ಯಾಯದ 21ರಿಂದ 28ರವರೆಗಿನ ಎಂಟು ವಚನಗಳಲ್ಲಿ ಆಗುತ್ತದೆ ಎಂಬುದು ನನ್ನ ಎಣಿಕೆ.

ಯೇಸುಸ್ವಾಮಿ ಗಲಿಲಾಯವನ್ನು ಬಿಟ್ಟು, ಇಂದಿನ ಲೆಬನಾನಿನ ಕರಾವಳಿಗೆ ಸೇರಿದ ತೂರ್, ಸೀದೋನ್ ಸೀಮೆಗೆ ಬಂದಾಗ, ಯೆಹೂದ್ಯಳಲ್ಲದ ತಾಯಿಯೊಬ್ಬಳು ದೆವ್ವದ ಕಾಟಕ್ಕೆ ಸಿಕ್ಕ ಮಗಳಿಗಾಗಿ ಕೂಗಿ ಬೇಡಿಕೊಳ್ಳುತ್ತಾಳೆ. ಆತನು ಒಂದು ಮಾತನ್ನೂ ಆಡುವುದಿಲ್ಲ. ಅವಳನ್ನು ಕಳುಹಿಸಿಬಿಡು ಎಂದು ಶಿಷ್ಯರು ಒತ್ತಾಯಿಸುತ್ತಾರೆ. ತಾನು ಬಂದದ್ದು ಇಸ್ರಾಯೇಲಿನ ತಪ್ಪಿಹೋದ ಕುರಿಗಳಿಗಾಗಿ ಮಾತ್ರ ಎಂದೂ, ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲವೆಂದೂ ಆತನು ಹೇಳಿದಾಗ, ಅವಳು ಹೌದು ಸ್ವಾಮೀ ಎಂದು ಒಪ್ಪಿಕೊಂಡೇ, ಯಜಮಾನರ ಮೇಜಿನಿಂದ ಬೀಳುವ ಚೂರುಗಳನ್ನು ನಾಯಿಮರಿಗಳೂ ತಿನ್ನುತ್ತವಲ್ಲ ಎನ್ನುತ್ತಾಳೆ.

ಓದುಗರ ಕಂಠ ತುಂಬಾ ಪಳಗಿದ್ದು, ಉಚ್ಚಾರಣೆ ಸ್ಪಷ್ಟ. ತೊಂದರೆಯೆಂದರೆ ಆ ಮೌನವನ್ನು ಹೇಳುವ ವಾಕ್ಯವನ್ನು ಅವರು ಉಸಿರು ಬಿಡದೆ ದಾಟಿಬಿಡುತ್ತಾರೆ. ಅಲ್ಲಿ ನಿಲ್ಲಬೇಕಾದ ಎರಡು ಕ್ಷಣವನ್ನು ಹಿನ್ನೆಲೆಯ ಕೊಳಲು ತುಂಬಿಕೊಳ್ಳುತ್ತದೆ. ಆಕೆಯ ಉತ್ತರವನ್ನು ಓದುವ ಹೆಣ್ಣುದನಿಯಂತೂ ಅಳುವಿನಿಂದ ನಡುಗುತ್ತದೆ. ನನಗೆ ಅಲ್ಲಿ ಅಳು ಕಾಣುವುದಿಲ್ಲ, ಜಾಣ್ಮೆ ಕಾಣುತ್ತದೆ: ಎದುರಿನವರ ಮಾತನ್ನೇ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡವಳ ಜಾಣ್ಮೆ.

ಟಿಪ್ಪಣಿಯ ಗುಂಡಿಯನ್ನು ಒತ್ತಿದರೆ, ಗ್ರೀಕ್ ಮೂಲದಲ್ಲಿರುವ ಕುನಾರಿಯೊನ್ ಎಂಬ ಪದಕ್ಕೆ ಸಣ್ಣ ನಾಯಿ ಎಂದರ್ಥ, ಆದ್ದರಿಂದ ಅದು ಬೈಗುಳವಲ್ಲ ಎಂಬ ವಿವರಣೆ ಸಿಗುತ್ತದೆ. ಪದದ ಅರ್ಥ ಸರಿಯೇ. ಆದರೆ ಮರಿಯಾದ ಮಾತ್ರಕ್ಕೆ ನಾಯಿ ನಾಯಿಯಲ್ಲವೇ? ಊಟದ ಪಂಕ್ತಿಯ ಆಚೆ ನಿಂತು ಉಳಿದದ್ದಕ್ಕೆ ಕಾದವರ ನೆನಪಿರುವ ನಮ್ಮ ನಾಡಿನಲ್ಲಿ ಈ ಮಾತು ಎಲ್ಲಿ ಚುಚ್ಚುತ್ತದೆ ಎಂಬುದನ್ನು ಟಿಪ್ಪಣಿ ಬರೆದವರು ಮುಚ್ಚಿಹಾಕುವ ಅಗತ್ಯವಿರಲಿಲ್ಲ.

ಮೆಚ್ಚಿಕೆಯಾದದ್ದು, ಒಂದೇ ಕಥೆಯನ್ನು ಹೇಳುವ ಬೇರೆ ಬೇರೆ ಸುವಾರ್ತೆಗಳ ಭಾಗಗಳನ್ನು ಅಕ್ಕಪಕ್ಕ ತೆರೆಯುವ ಸೌಲಭ್ಯ. ಮತ್ತಾಯನು ಅವಳನ್ನು ಇಸ್ರಾಯೇಲಿನ ಹಳೆಯ ಹಗೆಗಳ ಹೆಸರಿನಿಂದ ಕಾನಾನ್ಯಳು ಎನ್ನುತ್ತಾನೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಅವಳೇ ಸಿರಿಯಾದ ಫಿನೀಷಿಯಾದಲ್ಲಿ ಹುಟ್ಟಿದ ಗ್ರೀಕಳು. ಮತ್ತಾಯನಲ್ಲಿ ಯೇಸು ಅವಳ ದೊಡ್ಡ ನಂಬಿಕೆಯನ್ನು ಹೊಗಳಿದರೆ, ಮಾರ್ಕನ ಕಥೆಯಲ್ಲಿ ನಂಬಿಕೆ ಎಂಬ ಪದವೇ ಇಲ್ಲ. ಅವಳು ಆಡಿದ ಮಾತಿಗಾಗಿಯೇ ಮಗಳು ಗುಣವಾಗುತ್ತಾಳೆ, ತಾಯಿ ಮನೆಗೆ ಹೋಗಿ ನೋಡಿದರೆ ಹುಡುಗಿ ಹಾಸಿಗೆಯ ಮೇಲೆ ಮಲಗಿದ್ದಾಳೆ. ಬೆರಳೊಂದನ್ನು ಸರಿಸಿ ಇವೆರಡನ್ನೂ ಒಟ್ಟಿಗೆ ನೋಡಿದ ದಿನ ನಾನು ಇಳಿಯಬೇಕಾದ ನಿಲ್ದಾಣವನ್ನೇ ದಾಟಿಹೋಗಿದ್ದೆ.

ದಿನದ ಪಾಠದ ವಿಭಜನೆ ಮಾತ್ರ ಅತಿ ದೊಡ್ಡ ಕೊರತೆ. ಮತ್ತಾಯನ 14ನೆಯ ಅಧ್ಯಾಯದಲ್ಲಿ ಯೇಸು ಕೆಲವೇ ರೊಟ್ಟಿಗಳಿಂದ ಉಣಿಸಿದಾಗ ಐದು ಸಾವಿರ ಗಂಡಸರು ಉಂಡು 12 ಪುಟ್ಟಿ ತುಂಡುಗಳು ಉಳಿಯುತ್ತವೆ. 15ರ ಕೊನೆಯಲ್ಲಿ ಅದೇ ರೀತಿ ನಾಲ್ಕು ಸಾವಿರ ಗಂಡಸರು ಉಂಡ ಮೇಲೂ 7 ಪುಟ್ಟಿ ಉಳಿಯುತ್ತವೆ. ಇಷ್ಟೊಂದು ಉಳಿಕೆಯ ನಡುವೆ ನಿಂತು ಇವಳು ಕೇಳಿದ್ದು ಒಂದು ಚೂರನ್ನು. ಆ್ಯಪ್ ಈ ಮೂರನ್ನೂ ಬೇರೆ ಬೇರೆ ದಿನಗಳಿಗೆ ಹಂಚಿ, ಒಂದರಿಂದ ಇನ್ನೊಂದಕ್ಕೆ ದಾರಿಯನ್ನೇ ಇಟ್ಟಿಲ್ಲ. ಹಳೆಯ ಒಡಂಬಡಿಕೆಯ 1 ಅರಸುಗಳು ಎಂಬ ಪುಸ್ತಕದ 17ನೆಯ ಅಧ್ಯಾಯದಲ್ಲಿ ಇದೇ ಸೀದೋನ್ ಸೀಮೆಯ ವಿಧವೆಯೊಬ್ಬಳು ತನ್ನ ಕೊನೆಯ ಹಿಡಿ ಹಿಟ್ಟಿನಲ್ಲಿ ಪ್ರವಾದಿ ಎಲೀಯನಿಗೆ ರೊಟ್ಟಿ ಸುಟ್ಟುಕೊಟ್ಟದ್ದರ ಸುಳಿವೂ ಟಿಪ್ಪಣಿಯಲ್ಲಿಲ್ಲ. ಅಲ್ಲಿ ರೊಟ್ಟಿ ಇದ್ದದ್ದು ಹೊರಗಿನವಳ ಕೈಯಲ್ಲಿ.

ಕೊಳಲನ್ನು ಆರಿಸುವ ಸ್ವಿಚ್ಚೊಂದನ್ನು ಕೊಟ್ಟು, ಪಾಠಗಳನ್ನು ಸ್ವಲ್ಪ ಉದ್ದ ಮಾಡಿದರೆ ಐದಕ್ಕೆ ನಾಲ್ಕು ನಕ್ಷತ್ರ ಕೊಡಲು ಸಿದ್ಧನಿದ್ದೇನೆ. ಸದ್ಯಕ್ಕೆ ಮೂರು.