ನಾಲ್ಕನೇ ಮಳೆಗಾಲದಲ್ಲಿ ನನ್ನ ಮಲ್ಟಿಮೀಟರ್, ಮತ್ತು ಅದು ತೋರಿಸಿದ 0.00

ಬೆಳಿಗ್ಗೆ ಕಾಫಿ ಕುಡಿದು ಅಂಗಳಕ್ಕೆ ಇಳಿಯುವಾಗ ನನ್ನ ಕೈಯಲ್ಲಿ ವೋಲ್ಟ್, ಕರೆಂಟು ಅಳೆಯುವ ಮಲ್ಟಿಮೀಟರ್ ಇರುತ್ತದೆ. ಬಾನೆಟ್ ಎತ್ತಿ ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ ಹಿಡಿಯುತ್ತೇನೆ. ಅಂಕಿ ಸ್ವಲ್ಪ ಹೊತ್ತು ಹೊಯ್ದಾಡಿ ನಿಲ್ಲುತ್ತದೆ. 12.61 ವೋಲ್ಟ್. ಚಾವಡಿಗೆ ಬಂದು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ಹಾಲಿನ ಲೆಕ್ಕದ ಪಕ್ಕದಲ್ಲೇ ಬ್ಯಾಟರಿ ಲೆಕ್ಕ. 2022ರ ಮಳೆಗಾಲದಲ್ಲಿ ಹಿಡಿದ ಅಭ್ಯಾಸ ಇದು, ಈಗಲೂ ಬಿಟ್ಟಿಲ್ಲ.

ಬೆಳಿಗ್ಗೆಯೇ ನೋಡಬೇಕು. ಕಾರು ಓಡಿಸಿ ನಿಲ್ಲಿಸಿದ ಕೂಡಲೇ ಹಿಡಿದರೆ 13ರ ಹತ್ತಿರ ತೋರಿಸುತ್ತದೆ, ಅದು ಮೇಲುಮೇಲಿನ ಚಾರ್ಜು. ರಾತ್ರಿಯಿಡೀ ಸುಮ್ನೆ ನಿಂತ ಮೇಲೆ 12.6 ಇದ್ದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಹೋದರೆ ಅವತ್ತು ಸೆಲ್ಫ್ ಹೊಡೆಯುವುದು ಅನುಮಾನ.

ಮೀಟರಿಗೆ ಕೊಟ್ಟದ್ದು 1,650 ರೂಪಾಯಿ. ರೇಂಜು ತಾನೇ ಹಿಡಿದುಕೊಳ್ಳುವ ನಮೂನೆಯದು. ಕಂಪೆನಿ ಹೆಸರು ಹಾಕುವುದಿಲ್ಲ, ಈ ದರದಲ್ಲಿ ಸಿಗುವ ಮೀಟರುಗಳು ಒಂದಕ್ಕೊಂದು ಹತ್ತಿರದವೇ. ಇನ್ನೇನೇನು ಅಳೆಯುತ್ತದೆ ಎಂಬುದೆಲ್ಲ ಡಬ್ಬದ ಮೇಲೆ ಇದೆ.

ತಗೊಂಡ ಕಾರಣ ಹೇಳುತ್ತೇನೆ. ನಮ್ಮ ಮನೆ ಬದಿಯಡ್ಕದಿಂದ ನಾಲ್ಕು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ನಡುವೆ. ಆ ವರ್ಷ ಜೂನ್ ತಿಂಗಳಲ್ಲಿ ನಮ್ಮ ಹಳೆ ಆಲ್ಟೋ ಎರಡು ದಿನ ನಿಂತರೆ ಮೂರನೇ ದಿನ ಬೆಳಿಗ್ಗೆ ಏಳುತ್ತಿರಲಿಲ್ಲ. ಕೀ ತಿರುಗಿಸಿದರೆ ಟಕ ಟಕ ಟಕ, ಅಷ್ಟೇ. ಗೇಟಿನವರೆಗೆ ಇಳಿಜಾರು ಇದ್ದದ್ದರಿಂದ ದೂಡಿ ಸ್ಟಾರ್ಟ್ ಮಾಡುತ್ತಿದ್ದೆವು. ಆದರೆ ಅಮ್ಮನನ್ನು ಕಾಸರಗೋಡಿಗೆ ಡಾಕ್ಟರಲ್ಲಿ ಕರೆದುಕೊಂಡು ಹೋಗಬೇಕಾದ ದಿನ, ಧೋ ಎಂದು ಮಳೆ ಸುರಿಯುತ್ತಿರುವಾಗ, ಅವರನ್ನು ಕಾರಿನೊಳಗೆ ಕೂರಿಸಿಕೊಂಡೇ ದೂಡಿದೆವು. ಆ ದಿನ ನನಗೆ ತುಂಬ ಬೇಸರವಾಯಿತು.

ಬ್ಯಾಟರಿ ಅಂಗಡಿಯವರು ನೋಡಿ "ಬ್ಯಾಟರಿ ಪೋಯಿ", ಅಂದರೆ ಹೋಯಿತು, ಅಂದರು. ಎರಡೇ ವರ್ಷದ ಬ್ಯಾಟರಿ. ಹಳೆಯದನ್ನು ಕೊಟ್ಟು ಮೇಲೆ 4,200 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಒಂಬತ್ತನೇ ದಿನ ಅದೂ ಟಕ ಟಕ. ಹೋದದ್ದು ಬ್ಯಾಟರಿ ಅಲ್ಲ, ಕಾರು ನಿಂತಿದ್ದಾಗಲೂ ಒಳಗೆ ಏನೋ ಒಂದು ಕರೆಂಟು ಎಳೆಯುತ್ತಿದೆ ಎಂದು ಆಗ ಗೊತ್ತಾಯಿತು. ಬ್ಯಾಟರಿ ಬದಲಾಯಿಸುವ ಮೊದಲು ಅದನ್ನು ಯಾರಾದರೂ ಅಳೆದು ನೋಡಬಹುದಿತ್ತು ಅಲ್ವಾ? ಮೀಟರ್ ತರಿಸಿದ್ದು ಆ ವಾರವೇ.

ಅಳೆಯುವ ಕ್ರಮ ಕಷ್ಟದ್ದಲ್ಲ. ಬ್ಯಾಟರಿಯ ಮೈನಸ್ ವಯರು ಬಿಚ್ಚಬೇಕು. ಮೈನಸ್ಸನ್ನೇ ಯಾಕೆ ಅಂದರೆ, ಪ್ಲಸ್ ಬಿಚ್ಚುವಾಗ ಸ್ಪಾನರ್ ಕಾರಿನ ಲೋಹದ ಮೈಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಮೀಟರಿನ ಕೆಂಪು ವಯರನ್ನು 10 ಆಂಪಿನ ತೂತಿಗೆ ಹಾಕಿ, ಬಿಚ್ಚಿದ ವಯರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮೀಟರನ್ನು ಸೇರಿಸಬೇಕು. ಆಗ ಕಾರಿಗೆ ಹೋಗುವ ಕರೆಂಟೆಲ್ಲ ಮೀಟರಿನ ಮೂಲಕವೇ ಹಾದುಹೋಗುತ್ತದೆ. ಬಾಗಿಲು ತೆರೆದಿದ್ದರೆ ಒಳಗಿನ ಲೈಟು ಉರಿಯುತ್ತದಲ್ಲ, ಅದಕ್ಕೆ ಬಾಗಿಲಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಹಾಗೆ ಮಾಡಬೇಕು. ಆಮೇಲೆ ಕಾಯಬೇಕು. ಹಳೆ ಕಾರು ಬೇಗ ತಣ್ಣಗಾಗುತ್ತದೆ. ಹೊಸ ಕಾರುಗಳ ಕಂಪ್ಯೂಟರು ನಿದ್ದೆಗೆ ಹೋಗಲು ಅರ್ಧ ಗಂಟೆಯೂ ಬೇಕಾಗುತ್ತದೆ.

ನಮ್ಮದರಲ್ಲಿ ಬಂದದ್ದು 0.34 ಆಂಪು. ಇರಬೇಕಾದದ್ದು 0.05ರ ಒಳಗೆ. 0.34ನ್ನು 24 ಗಂಟೆಯಿಂದ ಗುಣಿಸಿದರೆ ದಿನಕ್ಕೆ 8 ಆಂಪ್ ಅವರ್ ಮಿಕ್ಕಿ ಹೋಗುತ್ತದೆ. ನಮ್ಮ ಬ್ಯಾಟರಿಯೇ 35 ಆಂಪ್ ಅವರಿನದ್ದು. ಎರಡು ದಿನಕ್ಕೆ ಅರ್ಧ ಖಾಲಿ, ಮೂರನೇ ದಿನ ಟಕ ಟಕ. ಲೆಕ್ಕ ಅಷ್ಟು ಸರಿಯಾಗಿ ಕೂತದ್ದು ಕಂಡು ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇನ್ನು ಒಂದೊಂದೇ ಫ್ಯೂಸ್ ಎಳೆಯುವ ಕೆಲಸ. ನಾನು ಸ್ಟೇರಿಂಗ್ ಕೆಳಗೆ ತಲೆ ತೂರಿಸಿಕೊಂಡು ಫ್ಯೂಸ್ ಎಳೆಯುವುದು, ಮಗಳು ಹೊರಗೆ ಕೊಡೆ ಹಿಡಿದು ಬಾನೆಟಿನ ಹತ್ತಿರ ನಿಂತು ಅಂಕಿ ಓದುವುದು. "ಸೊನ್ನೆ ಬಿಂದು ಮೂರು ನಾಲ್ಕು. ಸೊನ್ನೆ ಬಿಂದು ಮೂರು ನಾಲ್ಕು. ಅಪ್ಪಾ, ಏನೂ ಕಾಣುವುದಿಲ್ಲ!"

ಈ ಮೀಟರಿನ ಮೇಲೆ ನನಗಿರುವ ದೊಡ್ಡ ದೂರು ಇದು. ಹದಿನೈದು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಒಳಗಿನ ಸೆಲ್ ಉಳಿಯಲಿ ಎಂದು ಮಾಡಿದ ಏರ್ಪಾಡು, ಗೊತ್ತು. ಆದರೆ ಬ್ಯಾಟರಿ ಸೋರಿಕೆ ಹುಡುಕುವುದು ಹದಿನೈದು ನಿಮಿಷದ ಕೆಲಸ ಅಲ್ಲ. ಬಟನ್ ಒತ್ತಿ ಮತ್ತೆ ಎಬ್ಬಿಸಬೇಕು, ಹಾಗೆ ಒತ್ತುವಾಗ ಕಡ್ಡಿ ಜಾರಿದರೆ ಕಾರಿಗೆ ಕರೆಂಟು ಕಡಿದು ಮತ್ತೆ ಮೊದಲಿನಿಂದ ಕಾಯಬೇಕು. ಎರಡು ಸಲ ಹಾಗೇ ಆಯಿತು. ಆಫ್ ಆಗದ ಹಾಗೆ ಮಾಡಲು ಉಪಾಯ ಇದೆ: ನೀಲಿ ಬಟನ್ ಒತ್ತಿ ಹಿಡಿದುಕೊಂಡೇ ಮೀಟರ್ ಆನ್ ಮಾಡಬೇಕು. ಇರುವೆ ಗಾತ್ರದ ಅಕ್ಷರದ ಪುಸ್ತಕದ ಕೊನೇ ಪುಟದಲ್ಲಿ ಅದನ್ನು ಬರೆದಿದ್ದಾರೆ. ನಾನು ಕಂಡದ್ದು ಎರಡು ತಿಂಗಳ ಮೇಲೆ.

ಐದು ಫ್ಯೂಸ್ ಆಗಿತ್ತು. ಕತ್ತಲಾಗುತ್ತಾ ಬಂತು. ಮೀಟರನ್ನು ಹಾಗೇ ಬಿಟ್ಟು ಟಾರ್ಚ್ ತರಲು ಒಳಗೆ ಹೋದೆ. ಅಷ್ಟರಲ್ಲಿ ಬೆಂಗಳೂರಿನಿಂದ ಬಂದಿದ್ದ ಭಾವ ಸಹಾಯ ಮಾಡುವ ಮನಸ್ಸಿನಿಂದ ಒಳಗೆ ಕೂತು ಕೀ ತಿರುಗಿಸಿದರು. ಸೆಲ್ಫ್ ಮೋಟಾರಿಗೆ ನೂರು ಆಂಪಿಗಿಂತ ಜಾಸ್ತಿ ಬೇಕು. ಮೀಟರ್ ತಡೆಯುವುದು ಹತ್ತು. ಒಂದು ಸದ್ದೂ ಕೇಳಿಸಲಿಲ್ಲ. ನಾನು ಹೊರಗೆ ಬಂದಾಗ ಮೀಟರಿನಲ್ಲಿ 0.00.

"ಭಾವ, ಸರಿಯಾಯಿತಲ್ಲ!" ಅಂದರು. ನನಗೂ ಹಾಗೇ ಅನ್ನಿಸಿತು. ಕೊನೆಗೆ ಎಳೆದ ಫ್ಯೂಸೇ ಕಳ್ಳ ಎಂದು ತಿಳಿದು ಅದನ್ನು ಹೊರಗಿಟ್ಟು, ಬ್ಯಾಟರಿ ವಯರು ಹಾಕಿ ಮಲಗಿದೆ. ಮೂರನೇ ದಿನ ಬೆಳಿಗ್ಗೆ ಮತ್ತೆ ಟಕ ಟಕ.

ಇದನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಿ. ಈಗ ಓಡುವ ಕಾರುಗಳು ಸಾಮಾನ್ಯವಾಗಿ ಪೂರ್ತಿ ಸೊನ್ನೆಗೆ ಬರುವುದಿಲ್ಲ. ಸ್ಟೀರಿಯೋದ ನೆನಪು, ಗಡಿಯಾರ, ಕಂಪ್ಯೂಟರು, ಇವುಗಳಿಗೆ ಚೂರಾದರೂ ಕರೆಂಟು ಬೇಕೇ ಬೇಕು. 0.00 ಬಂದರೆ ಮೀಟರಿನ ಒಳಗಿನ ಫ್ಯೂಸೇ ಹೋಗಿದೆ ಎಂದು ಮೊದಲು ಅನುಮಾನಿಸಬೇಕು. ಬಾಗಿಲು ತೆರೆದು ನೋಡಿ. ಒಳಗಿನ ಲೈಟು ಉರಿಯದಿದ್ದರೆ ಕಾರಿಗೆ ಕರೆಂಟೇ ಹೋಗುತ್ತಿಲ್ಲ. ಇನ್ನೊಂದು ದಾರಿ, ಮೀಟರನ್ನು ಕಾರಿನಿಂದ ಬಿಡಿಸಿ ಕೆಂಪು ವಯರನ್ನು ವೋಲ್ಟಿನ ತೂತಿಗೆ ಹಾಕಿ, ಮೀಟರನ್ನು ಓಮಿಗೆ ತಿರುಗಿಸಿ, ಅದರ ಕಡ್ಡಿಯ ತುದಿಯನ್ನು ಅದೇ ಮೀಟರಿನ 10 ಆಂಪಿನ ತೂತಿನೊಳಗೆ ತಾಗಿಸಿ. ಸೊನ್ನೆಯ ಹತ್ತಿರ ಬಂದರೆ ಫ್ಯೂಸ್ ಚೆನ್ನಾಗಿದೆ. ನನ್ನದರಲ್ಲಿ ಅಂಕಿಯೇ ಬರಲಿಲ್ಲ.

ಆ ಫ್ಯೂಸ್ ಸಿಗಲು ಹನ್ನೊಂದು ದಿನ ಹಿಡಿಯಿತು. ಬೇಕಾದದ್ದು ಪಿಂಗಾಣಿಯದು, ಒಳಗೆ ಮರಳು ತುಂಬಿರುತ್ತದೆ. ಬದಿಯಡ್ಕದಲ್ಲಿ ಇಲ್ಲ, ಕಾಸರಗೋಡಿನಲ್ಲೂ ಕೇಳಿದ ಕಡೆ ಇಲ್ಲ. ಒಬ್ಬರು ರೇಡಿಯೋಕ್ಕೆ ಹಾಕುವ ಗಾಜಿನ ಫ್ಯೂಸ್ ಕೊಡಲು ಬಂದರು, ಇನ್ನೊಬ್ಬರು ತೆಳು ವಯರು ಸುತ್ತಿ ಕೊಡುತ್ತೇನೆ ಅಂದರು. ನಾನು ಒಪ್ಪಲಿಲ್ಲ. ಇದೇ ಮೀಟರನ್ನು ನಾನು ತೋಟದ ತ್ರೀ ಫೇಸ್ ಪಂಪಿಗೂ ಹಿಡಿಯುತ್ತೇನೆ, ಅಲ್ಲಿ 415 ವೋಲ್ಟ್ ಇರುತ್ತದೆ. ಅಪ್ಪಿತಪ್ಪಿ ವಯರು ಆಂಪಿನ ತೂತಿನಲ್ಲೇ ಉಳಿದಿದ್ದರೆ ಅದು ನೇರ ಶಾರ್ಟ್. ಗಾಜಿನದ್ದು ಆಗ ಕರಗಿದರೂ ಒಳಗೆ ಕಿಡಿ ನಿಲ್ಲದೆ ಒಡೆದು ಹೋಗಬಹುದು. ಮರಳು ಆ ಕಿಡಿಯನ್ನು ನುಂಗುತ್ತದೆ. ಕೈಯಲ್ಲಿ ಹಿಡಿಯುವ ಸಾಮಾನಿನಲ್ಲಿ ನೂರು ರೂಪಾಯಿ ಉಳಿಸಲು ಹೋಗಬಾರದು. ಕೊನೆಗೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಸಿಕ್ಕಿತು, ಎರಡು ತಂದೆ.

ಆ ಹನ್ನೊಂದು ದಿನ ಮೀಟರ್ ನೋಡಿದರೇ ಸಿಟ್ಟು ಬರುತ್ತಿತ್ತು. ವಾಪಸು ಕಳಿಸುವ ಯೋಚನೆಯೂ ಇತ್ತು. ಆದರೆ ಫ್ಯೂಸ್ ಹೋದದ್ದು ಆಂಪಿನದ್ದು ಮಾತ್ರ, ವೋಲ್ಟ್ ಸರಿಯಾಗಿಯೇ ಇತ್ತು. ಪೇಟೆಯಲ್ಲಿ ಪರಿಚಯದ ಒಬ್ಬ ಆಟೋ ಇಲೆಕ್ಟ್ರಿಷನ್ ಇದ್ದಾರೆ. ಅವರು ಕೇಳಿದರು: "ಫ್ಯೂಸ್ ಯಾಕೆ ಎಳೀತೀರಿ? ಇದ್ದಲ್ಲೇ ಮಿಲಿವೋಲ್ಟ್ ನೋಡಿ."

ಆ ಒಂದು ಮಾತಿನಿಂದ ಮೀಟರಿನ ಮೇಲಿನ ನನ್ನ ಅಭಿಪ್ರಾಯವೇ ಬದಲಾಯಿತು. ಕಾರಿನ ಫ್ಯೂಸಿನ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕಿಗಳಿವೆ. ಅಲ್ಲಿಗೆ ಎರಡು ಕಡ್ಡಿ ತಾಗಿಸಬೇಕು, ಅಷ್ಟೇ. ಬ್ಯಾಟರಿ ಬಿಚ್ಚುವುದು ಬೇಡ, ಫ್ಯೂಸ್ ಎಳೆಯುವುದು ಬೇಡ, ಕಾರು ನಿದ್ದೆಯಿಂದ ಏಳುವುದೂ ಇಲ್ಲ. ಫ್ಯೂಸಿನಲ್ಲಿ ಕರೆಂಟು ಹರಿಯದಿದ್ದರೆ ಸೊನ್ನೆ. ಹರಿಯುತ್ತಿದ್ದರೆ ಅದರ ಒಳಗಿನ ಚೂರು ತಡೆಯಿಂದಾಗಿ ಸ್ವಲ್ಪ ಮಿಲಿವೋಲ್ಟ್ ಕಾಣುತ್ತದೆ. 15 ಆಂಪಿನ ಫ್ಯೂಸಿನ ತಡೆ ಸುಮಾರು ಒಂದು ಓಮಿನ ಇನ್ನೂರನೇ ಒಂದು ಪಾಲು. 0.3 ಆಂಪು ಹರಿದರೆ ಒಂದೂವರೆ ಮಿಲಿವೋಲ್ಟ್ ಬರಬೇಕು.

ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಕೂತೆ. 0.0. 0.0. 0.0. ಎಂಟನೆಯದು, ನೀಲಿ ಬಣ್ಣದ 15ರ ಫ್ಯೂಸ್. 1.5.

ಅದು ಸ್ಟೀರಿಯೋದ ಫ್ಯೂಸ್. ವಿಷುವಿನ ಹೊತ್ತಿಗೆ ಹೊಸ ಸ್ಟೀರಿಯೋ ಹಾಕಿಸಿದ್ದೆ. ಹೊರಗೆಳೆದು ನೋಡಿದರೆ ಹಿಂದೆ ಹಳದಿ ವಯರೂ ಕೆಂಪು ವಯರೂ ಒಟ್ಟಿಗೆ ಹೊಸೆದು ಕಪ್ಪು ಟೇಪು ಸುತ್ತಿದ್ದಾರೆ. ಹಳದಿಗೆ ಯಾವಾಗಲೂ ಕರೆಂಟು, ಅದು ನೆನಪಿಗೆ. ಕೆಂಪಿಗೆ ಕೀ ಹಾಕಿದಾಗ ಮಾತ್ರ ಬರಬೇಕು. ಎರಡನ್ನೂ ಸೇರಿಸಿದರೆ ಕೀ ಇಲ್ಲದೆಯೂ ಹಾಡು ಕೇಳಬಹುದು, ಹೌದು. ಆದರೆ ಬಟನ್ ಆಫ್ ಮಾಡಿದರೂ ಒಳಗೆ ಅದು ಎಚ್ಚರವಾಗಿಯೇ ಇರುತ್ತದೆ. ಬೇಸಗೆಯಲ್ಲಿ ದಿನಾ ಓಡಿಸುತ್ತಿದ್ದೆ, ಹೋದ ಚಾರ್ಜು ಮತ್ತೆ ತುಂಬುತ್ತಿತ್ತು. ಮಳೆಗಾಲದಲ್ಲಿ ಕಾರು ನಿಂತಾಗ ಬಣ್ಣ ಬಯಲಾಯಿತು. ಕೆಂಪನ್ನು ಬೇರೆ ಮಾಡಿ ಕೀ ಲೈನಿಗೆ ಸೇರಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಮೀಟರಿಗೆ ಹೊಸ ಫ್ಯೂಸ್ ಬಂದ ಮೇಲೆ ಪುನಃ ಆಂಪು ಅಳೆದೆ. 0.02.

300 ರೂಪಾಯಿಯ ಹಳದಿ ಮೀಟರ್ ಸಾಕಲ್ವಾ ಎಂದು ಕೆಲವರು ಕೇಳುತ್ತಾರೆ. ಬ್ಯಾಟರಿ ವೋಲ್ಟ್ ನೋಡಲು ಧಾರಾಳ ಸಾಕು. ಆದರೆ ಅದರ 10 ಆಂಪಿನ ತೂತಿಗೆ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಭಾವ ಕೀ ತಿರುಗಿಸಿದ ಹೊತ್ತಿಗೆ ಅದು ಇರುತ್ತಿದ್ದರೆ ವಯರು ಸುಟ್ಟು ಹೋಗುತ್ತಿತ್ತು. ನನ್ನ ಮಟ್ಟಿಗೆ 1,650 ಸರಿಯಾದ ದುಡ್ಡು. ಬ್ಯಾಟರಿಗೆ ಸುಮ್ನೆ ಕೊಟ್ಟ 4,200 ನೆನಪಾದರೆ ಇನ್ನೂ ಬೇಜಾರು.

ನಮ್ಮ ಕಡೆಯ ತೇವಕ್ಕೆ ಕಡ್ಡಿಯ ತುದಿ ಪಾಚಿ ಬಣ್ಣಕ್ಕೆ ತಿರುಗುತ್ತದೆ, ಆಗ ಅಂಕಿ ಓಡಾಡುತ್ತದೆ. ತಿಂಗಳಿಗೊಮ್ಮೆ ಉಪ್ಪು ಕಾಗದದಲ್ಲಿ ಉಜ್ಜುತ್ತೇನೆ. ಮೀಟರನ್ನು ಮುಚ್ಚಳ ಗಟ್ಟಿ ಇರುವ ಸ್ಟೀಲಿನ ಡಬ್ಬದಲ್ಲಿ, ಒಂದು ಹಿಡಿ ಅಕ್ಕಿಯ ಗಂಟಿನ ಜೊತೆ ಇಡುತ್ತೇನೆ. ಉಳಿದ ಒಂದು ಫ್ಯೂಸನ್ನು ಮುಚ್ಚಳದ ಒಳಬದಿಗೆ ಟೇಪು ಹಾಕಿ ಅಂಟಿಸಿದ್ದೇನೆ. ಈ ವರ್ಷ ಜುಲೈಯಲ್ಲಿ ಹತ್ತು ದಿನ ಬಿಡದೆ ಮಳೆ, ತೋಟಕ್ಕೆ ಮದ್ದು ಬಿಡುವ ಕೆಲಸವೂ ನಿಂತಿತ್ತು, ಕಾರು ಶೆಡ್ಡಿನಿಂದ ಹೊರಗೆ ಬರಲೇ ಇಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಬರೆದದ್ದು 12.49. ಒಂದೇ ಸೆಲ್ಫಿಗೆ ಎದ್ದಿತು. ಅಮ್ಮನನ್ನು ಕೂರಿಸಿಕೊಂಡು ಕಾಸರಗೋಡಿಗೆ ಹೋಗಿ ಬಂದೆವು.